ಬದಲಿಯವನು ಬರುವ ತನಕ

ನನ್ನ ಅಜ್ಜಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ. ದಾರ ಕಚ್ಚುತ್ತಾಳೆ. ಕತ್ತರಿ ಮಡಿಲಲ್ಲೇ ಬಿದ್ದಿದ್ದರೂ ಹಲ್ಲಿನಿಂದ ಕಟಕ್ಕೆಂದು ತುಂಡರಿಸಿ, ತುದಿಯನ್ನು ತುಟಿಯಲ್ಲಿ ನೆನೆಸಿ, ಸೂಜಿಗೆ ಪೋಣಿಸಿ ಮತ್ತೆ ತಲೆ ತಗ್ಗಿಸುತ್ತಾಳೆ. ಅವಳ ಕಸುಬು ಕಾಜಾ ಹೊಲಿಯುವುದು. ಅಂಗಿಯ ಗುಂಡಿ ತೂರುವ ಸೀಳಿನ ಅಂಚಿಗೆ ಒತ್ತೊತ್ತಾಗಿ ದಾರ ಸುತ್ತುವ ಕೆಲಸ. ಕೆಳಗಿನ ಬೀದಿಯ ದರ್ಜಿ ಅಂಗಡಿಗಳಿಂದ ಅರ್ಧ ಮುಗಿದ ಅಂಗಿಗಳು ಗಂಟುಗಂಟಾಗಿ ಮೆಟ್ಟಿಲು ಹತ್ತಿ ಬರುತ್ತವೆ, ಅವಳ ಬೆರಳು ದಾಟಿ ಇಳಿದುಹೋಗುತ್ತವೆ. ಬೀದಿಗೆಲ್ಲ ಅವಳು ಕಾಜಮ್ಮ. ಅವಳು ಸಿಟ್ಟಿನಲ್ಲಿದ್ದ ದಿನ ಹೊಲಿದ ಕಾಜಾ ಅಂಗಿ ಹರಿದರೂ ಬಿಚ್ಚುವುದಿಲ್ಲ ಎಂದು ದರ್ಜಿಯೊಬ್ಬ ನಗುತ್ತಿದ್ದ.

ಅಜ್ಜ ಲಿಫ್ಟ್ ನಡೆಸುತ್ತಿದ್ದ. ಹತ್ತಾರು ಕಚೇರಿಗಳಿದ್ದ ಹಳೆಯ ಕಟ್ಟಡ ಅದು. ಕಂಬಿ ಬಾಗಿಲಿನ ಲಿಫ್ಟು, ಒಳಗೆ ಹಿತ್ತಾಳೆಯ ಹಿಡಿ. ಆಳಿಲ್ಲದ ಲಿಫ್ಟೆಂದರೆ ಬಾಯಿ ತೆರೆದ ಬಾವಿ ಎಂದು ಅವನು ಹೇಳುತ್ತಿದ್ದನಂತೆ. ಹಾಗಾಗಿ ಬದಲಿಯವನು ಬರುವ ತನಕ ಅಲ್ಲಾಡುತ್ತಿರಲಿಲ್ಲ. ಬದಲಿಯವನು ಒಳಗೆ ಬಂದು, ಹಿಡಿಯ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟು, "ನಾನಿದ್ದೀನಿ, ನೀವು ಹೊರಡಿ" ಅನ್ನಬೇಕು. ಆಗಷ್ಟೇ ಅಜ್ಜ ಕೆಳಗಿನ ಕೈಯನ್ನು ಮೆಲ್ಲಗೆ ಎಳೆದುಕೊಳ್ಳುತ್ತಿದ್ದ. ಊಟದ ಡಬ್ಬಿ ತಂದ ಅಜ್ಜಿ ಮೆಟ್ಟಿಲ ಬುಡದಲ್ಲಿ ಕಾಯುತ್ತ, ತಡವಾಗಿ ಬರುವ ಬದಲಿಯವನನ್ನು ಮನಸ್ಸಿನಲ್ಲೇ ಬೈಯುತ್ತ ನಿಂತ ಮಧ್ಯಾಹ್ನಗಳಿಗೆ ಲೆಕ್ಕವಿಲ್ಲ.

ಆ ಕಟ್ಟಡ ಈಗಿಲ್ಲ. ಅಜ್ಜನ ತಲೆಯೊಳಗಿನ ಬೇರೆ ಎಷ್ಟೋ ಕಟ್ಟಡಗಳೂ ಒಂದೊಂದಾಗಿ ಉರುಳಿದವು. ಮೊದಲು ನಮ್ಮ ಹೆಸರುಗಳು ಹೋದವು, ಆಮೇಲೆ ಮುಖಗಳು. ಕೊನೆಗೆ ಮನೆಯೊಳಗಿನ ದಾರಿಯೂ ಮಸುಕಾಗತೊಡಗಿದಾಗ ಅಜ್ಜಿ ಒಂದು ಉಪಾಯ ಮಾಡಿದಳು. ದಪ್ಪ ಬಟ್ಟೆಯ ಉದ್ದನೆಯ ಪಟ್ಟಿಗೆ ಸಾಲಾಗಿ ಗುಂಡಿಗಳನ್ನು ಹೊಲಿದು, ಹಾಸಿಗೆಯ ತಲೆದೆಸೆಯಿಂದ ಬಚ್ಚಲುಮನೆಯ ತನಕ ಗೋಡೆಗೆ ಮೊಳೆ ಹೊಡೆದು ಬಿಗಿದಳು. ಸಣ್ಣ ಗುಂಡಿಗಳೆಂದರೆ ನಡೆಯುತ್ತಿರು. ಕೊನೆಯಲ್ಲಿ ಕೋಟಿನ ದೊಡ್ಡ ಗುಂಡಿ ಸಿಕ್ಕರೆ ಬಾಗಿಲು ಬಂತು. ಅಜ್ಜ ಬೆರಳಾಡಿಸುತ್ತ ನಡೆಯುತ್ತಿದ್ದ, ತಪ್ಪುತ್ತಿರಲಿಲ್ಲ. ಯಾರ ಸಹಾಯವೂ ಇಲ್ಲದೆ ಹೋಗಿಬಂದು, ಕಿಟಕಿಯ ಬಳಿಯ ತನ್ನ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದ. ಅಜ್ಜಿ ಎದುರಿಗೆ ಕಾಜಾ ಹೊಲಿಯುತ್ತಿದ್ದಳು. ಅವರಿಬ್ಬರಿಗೆ ಅಷ್ಟು ಸಾಕಾಗಿತ್ತು.

ಸಾಕಾಗದಿದ್ದದ್ದು ನನ್ನ ಸೋದರಮಾವನಿಗೆ. ಅವರಿಗೆ ಬೇರೆ ಊರಿನಲ್ಲಿ ಟೈಲ್ಸ್ ಅಂಗಡಿ, ಬಿಡುವಿಲ್ಲದ ವ್ಯಾಪಾರ. ಅವರ ಗೆಳೆಯರೊಬ್ಬರ ತಂದೆ ಹಠಾತ್ತನೆ ತೀರಿಕೊಂಡಾಗ, ಅಪ್ಪನ ಜೊತೆ ತೆಗೆಸಿಕೊಂಡ ಒಂದು ಒಳ್ಳೆಯ ಫೋಟೋ ಕೂಡ ಇಲ್ಲವೆಂದು ಆ ಗೆಳೆಯರು ಅತ್ತರಂತೆ. ಅದು ಮಾವನ ಮನಸ್ಸಿಗೆ ನಾಟಿತು. ಅಂದಿನಿಂದ ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಪ್ರವಾಸ. ಒಮ್ಮೆ ಬೆಟ್ಟಕ್ಕೆ ಹೋದೆವು. ಮರಳಿ ಬಂದ ಮೇಲೆ ಅಜ್ಜನಿಗೆ ಅಡುಗೆಮನೆ ಎಲ್ಲಿದೆಯೆಂದು ಮತ್ತೆ ತಿಳಿಯಲೇ ಇಲ್ಲ. ಇನ್ನೊಮ್ಮೆ ಕೆರೆಯ ದಂಡೆಯ ಬಂಗಲೆಗೆ ಹೋದೆವು. ಅದಾದ ಮೇಲೆ, ದಿನಾ ಸಂಜೆ ಮೆಟ್ಟಿಲಿಳಿದು ದರ್ಜಿ ಅಂಗಡಿಯ ಬೆಂಚಿನಲ್ಲಿ ಕೂರುತ್ತಿದ್ದವನು ಬೀದಿ ಬಾಗಿಲ ಮುಂದೆ ನಿಂತು ಬೆದರತೊಡಗಿದ. ಹೋದದ್ದು ಮರಳಿ ಬರುತ್ತಿರಲಿಲ್ಲ. ಇದನ್ನು ಗಮನಿಸಿದವಳು ಅಜ್ಜಿ ಒಬ್ಬಳೇ.

ಈ ಸಲ ಮಾವ ಮನೆಗೇ ಬಂದು ಸುದ್ದಿ ಹೇಳಿದರು. "ಸಮುದ್ರದ ಎದುರಿಗೇ ಹೋಟೆಲ್ಲಮ್ಮ. ಏಳನೇ ಮಹಡಿ. ಲಿಫ್ಟಿದೆ, ಅಪ್ಪನಿಗೂ ಖುಷಿಯಾಗುತ್ತೆ."

"ನಾವು ಬರಲ್ಲ," ಅಜ್ಜಿ ಅಂದಳು.

"ಎಲ್ಲ ಬುಕ್ ಆಗಿದೆ."

"ನೀವು ಹೋಗಿಬನ್ನಿ. ನಮ್ಮ ಬದಲು ಒಂದು ಅಲೆ ಜಾಸ್ತಿ ನೋಡ್ಕೊಂಡು ಬನ್ನಿ."

"ತಮಾಷೆ ಬೇಡಮ್ಮ. ಅಪ್ಪನ ಜೊತೆ ನಾಲ್ಕು ನೆನಪು ಉಳೀಲಿ ಅಂತ ಅಲ್ವಾ ನಾನು ಒದ್ದಾಡ್ತಿರೋದು?"

"ಯಾರಿಗೆ ಉಳೀಬೇಕು?"

"ನಮಗೆಲ್ಲ."

"ನಿಮಗೆ ನೆನಪು ಬೇಕು. ಅವರಿಗೆ ಬಚ್ಚಲು ಎಲ್ಲಿದೆ ಅಂತ ಗೊತ್ತಾದ್ರೆ ಸಾಕು. ಬೆಟ್ಟಕ್ಕೆ ಹೋಗಿಬಂದ್ವಿ, ಅಡುಗೆಮನೆ ಹೋಯ್ತು. ಕೆರೆಗೆ ಹೋಗಿಬಂದ್ವಿ, ಬೀದಿ ಹೋಯ್ತು. ಈಗ ಉಳಿದಿರೋದೇ ಎರಡು ಮಾರು ಜಾಗ. ಅದನ್ನೂ ಕಿತ್ಕೋಬೇಕಾ?"

"ವಯಸ್ಸಾದ ಮೇಲೆ ಹಾಗೇ ಅಮ್ಮ. ಅದಕ್ಕೂ ಪ್ರವಾಸಕ್ಕೂ ಏನು ಸಂಬಂಧ?"

ಅಜ್ಜಿ ದಾರ ಕಚ್ಚಿದಳು. ಜಗಳ ಬೇಡವೆಂದು ನನ್ನ ಅಮ್ಮ ನಡುವೆ ಬಂದಳು. "ಹೋಗೋಣಮ್ಮ, ಪಾಪ, ಇಷ್ಟು ಆಸೆಪಟ್ಟು ಮಾಡಿದ್ದಾನೆ." ಕೊನೆಗೆ ಅಜ್ಜಿ ಒಂದೇ ಷರತ್ತು ಹಾಕಿ ಒಪ್ಪಿದಳು. ಗುಂಡಿ ಪಟ್ಟಿಯನ್ನು ಗೋಡೆಯಿಂದ ಬಿಚ್ಚಿ ಜೊತೆಗೆ ಒಯ್ಯಬೇಕು, ಹೋಟೆಲಿನ ಗೋಡೆಗೂ ಕಟ್ಟಬೇಕು. ಮಾವ ಆಗಲಿ ಎಂದರು. ಅಜ್ಜಿ ಪಟ್ಟಿಯನ್ನು ಸುರುಳಿ ಸುತ್ತಿ ಚೀಲದ ತಳದಲ್ಲಿಟ್ಟಳು. ಹೊರಡುವ ಬೆಳಿಗ್ಗೆ ಸಾಮಾನು ಹಿಡಿಸದಿದ್ದಾಗ ಮಾವ ಆ ಸುರುಳಿಯನ್ನು ತೆಗೆದು ಮನೆಯ ಶೆಲ್ಫಿನ ಮೇಲಿಟ್ಟುಬಿಟ್ಟರು. ಅದು ಗೊತ್ತಾದದ್ದು ಹೋಟೆಲಿನಲ್ಲಿ, ಅಜ್ಜಿ ಚೀಲಕ್ಕೆ ಕೈ ಹಾಕಿದಾಗ.

"ಅದಾ? ಅಟ್ಯಾಚ್ಡ್ ಬಾತ್‌ರೂಮ್ ಇದೆಯಲ್ಲಮ್ಮ, ನಾಲ್ಕು ಹೆಜ್ಜೆ. ಆ ಚಿಂದಿ ಯಾಕೆ ಅಂತ ಬಿಟ್ಟೆ," ಎಂದರು ಮಾವ.

ಕಚ್ಚುವುದಕ್ಕೆ ಅಜ್ಜಿಯ ಕೈಯಲ್ಲಿ ದಾರವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ ಮುಖ ತೊಳೆಯುತ್ತಿದ್ದಾಗ ಅಜ್ಜ ಎದ್ದಿದ್ದ. ಗೋಡೆ ಸವರಿದ. ಅದು ಗಾಜಿನಂತೆ ನುಣುಪು, ಬೆರಳಿಗೆ ಏನೂ ಹೇಳಲಿಲ್ಲ. ಗೋಡೆ ಹಿಡಿದೇ ಹೊರಗೆ ಹೋದ. ಉದ್ದನೆಯ ಕಾರಿಡಾರ್, ಒಂದೇ ಅಚ್ಚಿನ ಬಾಗಿಲುಗಳು. ಅಪರಿಚಿತರ ಬಾಗಿಲೊಂದರ ಮುಂದೆ ಅವನಿಗೆ ತಡೆದುಕೊಳ್ಳಲಾಗಲಿಲ್ಲ. ಆ ಬಾಗಿಲು ತೆರೆದ ಹೆಂಗಸು ಮೂಗು ಮುಚ್ಚಿಕೊಂಡಳು. ಅಜ್ಜ ತನ್ನ ಒದ್ದೆ ಪಾದಗಳನ್ನೇ ನೋಡುತ್ತ ನಿಂತಿದ್ದ. ಓಡಿಬಂದ ಅಜ್ಜಿ, ಹೋಟೆಲಿನ ಕೆಲಸದವಳ ಕೈಯಿಂದ ಒರೆಸುವ ಕೋಲು ಕಸಿದುಕೊಂಡು ತಾನೇ ನೆಲ ಒರೆಸಿದಳು. ನಾನು ಬಟ್ಟಲು ಹಿಡಿದು ನೀರು ಹಾಕಿದೆ. ಎಲ್ಲ ಮುಗಿದ ಮೇಲೆ ಮಾವ ಬಂದರು.

"ಪರವಾಗಿಲ್ಲ ಬಿಡಮ್ಮ. ಇಂಪೋರ್ಟೆಡ್ ಟೈಲ್ಸು ಇದು. ಕಲೆ ನಿಲ್ಲಲ್ಲ."

ಅಜ್ಜಿ ನೆಲದಿಂದ ತಲೆಯೆತ್ತಿ ಮಗನನ್ನು ನೋಡಿದಳು. ಆ ನೋಟ ನನ್ನ ಮೇಲೆ ಬಿದ್ದಿದ್ದರೆ ನಾನು ಕರಗಿಹೋಗುತ್ತಿದ್ದೆ. "ಮನೆಗೆ ಹೋಗೋಣ," ಎಂದಳು. "ಇವತ್ತೇ."

"ಇವತ್ತು ಸಂಜೆ ಫೋಟೋ ಇದೆಯಲ್ಲಮ್ಮ. ಸೂರ್ಯ ಮುಳುಗೋ ಹೊತ್ತಿಗೆ ದಂಡೆ ಮೇಲೆ ಎಲ್ಲರದೂ. ಫೋಟೋಗ್ರಾಫರಿಗೆ ಹೇಳಿ ಆಗಿದೆ. ಆಮೇಲಿನ್ನೂ ಮೂರು ದಿನ ಇದೆ, ಆರಾಮಾಗಿರಿ."

ಫೋಟೋಗೆಂದು ಮಾವ ಎಲ್ಲರಿಗೂ ಒಂದೇ ಬಣ್ಣದ ನೀಲಿ ಅಂಗಿ ತಂದಿದ್ದರು. ಅಜ್ಜಿ ಅಜ್ಜನಿಗೆ ಅಂಗಿ ತೊಡಿಸುತ್ತ ಕಾಜಾಗಳನ್ನು ಬೆರಳಿನಿಂದ ಉಜ್ಜಿ ನೋಡಿದಳು. ಮಿಷನ್ ಹೊಲಿಗೆ, ಆಗಲೇ ಎಳೆ ಬಿಟ್ಟಿತ್ತು. ಗುಂಡಿಗಳೂ ಅಲ್ಲಾಡುತ್ತಿದ್ದವು. ಜೋತುಬಿದ್ದ ಎಳೆಯೊಂದನ್ನು ಅಜ್ಜನ ಎದೆಯ ಮೇಲೆಯೇ ಬಗ್ಗಿ ಕಚ್ಚಿ ತೆಗೆದಳು.

ಸಂಜೆ ಎಲ್ಲರೂ ಲಿಫ್ಟಿನಲ್ಲಿ ಇಳಿದೆವು. ಬಾಗಿಲು ತೆರೆಯಿತು, ಎಲ್ಲರೂ ಗದ್ದಲ ಮಾಡುತ್ತ ಹೊರಬಂದೆವು. ಅಜ್ಜ ಬರಲಿಲ್ಲ. ನಾವು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿ ಲಿಫ್ಟು ಮೇಲೆ ಹೋಯಿತು. ಅದು ಮತ್ತೆ ಕೆಳಗೆ ಬಂದಾಗ, ಒದ್ದೆ ಟವೆಲ್ ಹೊದ್ದ ಗಂಡ ಹೆಂಡಿರಿಬ್ಬರು ನಗುತ್ತ ಇಳಿದರು. ಅಜ್ಜ ಮಹಡಿ ಒತ್ತುವ ಗುಂಡಿಗಳ ಪಕ್ಕದ ಕಂಬಿ ಹಿಡಿದು ನೆಟ್ಟಗೆ ನಿಂತಿದ್ದ. ಬೆನ್ನು ಅಷ್ಟು ನೇರವಾಗಿದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ಯಾವ ಮಹಡಿ?" ಎಂದು ಹೊಸದಾಗಿ ಒಳಗೆ ಬಂದವರನ್ನು ಕೇಳಿದ. ಐದು ಎಂದರು. ಸ್ವಂತ ಮಗಳ ಹೆಸರು ಗೊತ್ತಿಲ್ಲದ ಅಜ್ಜ ಸರಿಯಾಗಿ ಐದನ್ನೇ ಒತ್ತಿದ.

ಲಿಫ್ಟು ತಿರುಗಿ ಬರುವಷ್ಟರಲ್ಲಿ ಮಾವ ಫೋನ್ ಎತ್ತಿ ಹಿಡಿದು ತಯಾರಾಗಿದ್ದರು. "ಅಪ್ಪಾ, ಇಲ್ಲಿ ನೋಡಿ. ಇನ್ನೊಂದ್ಸಲ ಹೇಳಿ, ಯಾವ ಮಹಡಿ?"

"ಒಳಗೆ ಬನ್ನಿ ಸಾರ್. ಬಾಗಿಲಲ್ಲಿ ನಿಲ್ಲಬೇಡಿ," ಎಂದ ಅಜ್ಜ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೋಫಾದಲ್ಲಿ ಕೂತಿದ್ದ ಅಪರಿಚಿತರೂ ನಕ್ಕರು. ಆ ನಗು ತನ್ನ ಮೇಲೆಯೆಂದು ಅಜ್ಜನಿಗೆ ಅರೆಬರೆ ತಿಳಿದಿರಬೇಕು. ಅಂಗಿಯ ಕೊರಳ ಗುಂಡಿಯನ್ನು ಮುಟ್ಟಿ ನೋಡಿಕೊಂಡ.

ಅಷ್ಟರಲ್ಲಿ ಸೂರ್ಯ ಜಾರತೊಡಗಿದ್ದ. ಮಾವ ಫೋನ್ ಜೇಬಿಗಿಟ್ಟು, "ಸರಿ, ಬನ್ನಿ ಅಪ್ಪ, ಹೊತ್ತಾಯ್ತು," ಎಂದು ತೋಳು ಹಿಡಿದರು.

"ಬದಲಿಯವನು ಬಂದಿಲ್ಲ," ಎಂದ ಅಜ್ಜ.

"ಅದು ತಾನೇ ನಡೆಯುತ್ತೆ ಅಪ್ಪ. ಆಳು ಬೇಡ. ಬನ್ನಿ."

ಅಜ್ಜ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದ. ಮಾವ ಎಳೆದರು. ಅಜ್ಜನ ಕಣ್ಣಿನಲ್ಲಿ ಬಾವಿಯ ಅಂಚಿನಲ್ಲಿ ನಿಂತವನ ಭಯ. ಮಾವ ಇನ್ನೂ ಜೋರಾಗಿ ಎಳೆದಾಗ ನೀಲಿ ಅಂಗಿಯ ಗುಂಡಿಯೊಂದು ಹಾರಿ ನೆಲದ ಮೇಲೆ ಉರುಳಿತು.

"ಕೈ ಬಿಡು." ಅಜ್ಜಿಯ ದನಿ ಪಿಸುಮಾತಿಗಿಂತ ಸ್ವಲ್ಪವೇ ದೊಡ್ಡದಿತ್ತು. ಆದರೂ ಎಲ್ಲರಿಗೂ ಕೇಳಿಸಿತು. ಬಗ್ಗಿ ಗುಂಡಿ ಎತ್ತಿಕೊಂಡು ಶಾಲಿನ ತುದಿಗೆ ಗಂಟು ಹಾಕಿದಳು. ಬಾಗಿಲು ಮುಚ್ಚದಂತೆ ತಾನೇ ಅಡ್ಡ ನಿಂತಳು.

"ಒಳಗೆ ಹೋಗು. ಬದಲಿಯವನು ನೀನು. ಅವರ ಕೈ ಮೇಲೆ ಕೈ ಇಡು. ನಾನಿದ್ದೀನಿ, ನೀವು ಹೊರಡಿ ಅನ್ನು."

"ಅಮ್ಮಾ, ಜನ ನೋಡ್ತಿದ್ದಾರೆ."

"ನೋಡಲಿ. ಇಷ್ಟು ಹೊತ್ತು ಅವರನ್ನ ನೋಡಿದ್ರಲ್ಲ, ಸ್ವಲ್ಪ ನಿನ್ನನ್ನೂ ನೋಡಲಿ."

ಮಾವ ಸುತ್ತ ನೋಡಿದರು. ನನ್ನ ಅಮ್ಮ ಕೂಡ ನಡುವೆ ಬರಲಿಲ್ಲ. ಮಾವ ಒಳಗೆ ಹೋಗಿ ಅಜ್ಜನ ಕೈ ಮೇಲೆ ಕೈ ಇಟ್ಟು ಆ ಮಾತು ಹೇಳಿದರು. ಅಜ್ಜ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಹೊಸಬನಾ?"

"ಹೂಂ, ಹೊಸಬ," ಅಜ್ಜಿಯೇ ಉತ್ತರಿಸಿದಳು.

"ತಡವಾಯ್ತು ನಿಂದು."

"ತಡವಾಯ್ತು," ಎಂದರು ಮಾವ.

ಅಜ್ಜ ಕೆಳಗಿನ ಕೈಯನ್ನು ಮೆಲ್ಲಗೆ ಎಳೆದುಕೊಂಡು ಹೊರಬಂದ. ಲಿಫ್ಟಿನ ಎದುರಿನ ಸೋಫಾದಲ್ಲಿ ಅಜ್ಜಿಯ ಪಕ್ಕ ಕೂತ. ಮಾವ ಅವನ ಹಿಂದೆಯೇ ಹೊರಗೆ ಕಾಲಿಟ್ಟರು. ಅಜ್ಜ ಧಡಕ್ಕನೆ ಎದ್ದ. "ಲಿಫ್ಟು ಖಾಲಿ."

"ಹೋಗು ಒಳಗೆ," ಎಂದಳು ಅಜ್ಜಿ.

ಮಾವ ಮರಳಿ ಹೋದರು. ಆಮೇಲಿನ ಮಾತುಕತೆಯೆಲ್ಲ ಬಾಗಿಲು ತೆರೆದಾಗಷ್ಟೇ ನಡೆಯಿತು.

"ಎಷ್ಟು ಹೊತ್ತಮ್ಮ?"

"ನಾಳೆ ಬೆಳಿಗ್ಗೆ ಮನೆಗೆ ಹೊರಡೋಣ ಅಂತ ನೀನು ಹೇಳೋ ತನಕ."

ಬಾಗಿಲು ಮುಚ್ಚಿತು. ಲಿಫ್ಟು ಹೋಗಿ ಬಂತು.

"ನನ್ನ ಮಕ್ಕಳು ಬೇಜಾರು ಮಾಡ್ಕೋತಾರಮ್ಮ."

"ಅವರು ಅವರಮ್ಮನ ಜೊತೆ ಇಲ್ಲೇ ಇರಲಿ. ಆಟ ಆಡಲಿ. ನಾವು ಹೋಗೋಣ."

ಹೋಟೆಲಿನ ಸಮವಸ್ತ್ರವೂ ನೀಲಿಯೇ ಆಗಿತ್ತು. ದಪ್ಪನೆಯ ಹೆಂಗಸೊಬ್ಬರು, "ಏಳನೇ ಮಹಡಿ. ಈ ಬ್ಯಾಗ್ ಸ್ವಲ್ಪ ಎತ್ಕೋಪ್ಪ," ಎಂದರು. ಮಾವ ಎತ್ತಿಕೊಂಡರು. ಫೋಟೋಗ್ರಾಫರ್ ದಂಡೆಯಿಂದ ಹುಡುಕಿಕೊಂಡು ಬಂದು ಯಜಮಾನರು ಎಲ್ಲಿ ಎಂದು ಕೇಳಿದ.

"ಡ್ಯೂಟಿಯಲ್ಲಿದ್ದಾನೆ," ಅಜ್ಜಿ ಹೇಳಿದಳು. "ಬೆಳಕು ಹೋಗುತ್ತೆ, ಉಳಿದವರದ್ದು ತೆಗಿ, ಹೋಗು."

ಪ್ರತಿ ಸಲ ಬಾಗಿಲು ತೆರೆದಾಗಲೂ ಅಜ್ಜ ಕತ್ತು ಚಾಚಿ ನೋಡುತ್ತಿದ್ದ. ಒಮ್ಮೆ ಅಜ್ಜಿಯ ಕಡೆ ಬಾಗಿ, "ಗೋಡೆಗೆ ಒರಗ್ತಾನೆ," ಎಂದ.

"ಗೋಡೆಗೆ ಒರಗಬೇಡ," ಎಂದು ಅಜ್ಜಿ ಮಗನಿಗೆ ದಾಟಿಸಿದಳು. ಮಾವ ನೆಟ್ಟಗಾದರು. ಅವರ ಮುಖ ಕೆಂಪಾಗಿತ್ತು, ಕಣ್ಣೂ. ಗಾಜಿನಾಚೆ ಸಮುದ್ರದ ಮೇಲಿನ ಬೆಳಕು ಆರಿದ ಮೇಲೆ, ಒಂದು ಸಲ ಬಾಗಿಲು ತೆರೆದಾಗ, "ಆಯ್ತಮ್ಮ, ನಾಳೆ ಬೆಳಿಗ್ಗೆ," ಎಂದರು. ಆದರೂ ಹೊರಬರಲಿಲ್ಲ. ಅಜ್ಜ ಸೋಫಾದಲ್ಲಿ ತೂಕಡಿಸುವ ತನಕ ನಿಂತೇ ಇದ್ದರು.

ಮನೆಗೆ ಬಂದ ಕೂಡಲೇ ಮಾವ ಶೆಲ್ಫಿನ ಮೇಲಿನ ಸುರುಳಿ ತೆಗೆದು ತಾವೇ ಸುತ್ತಿಗೆ ಹಿಡಿದರು. ಗಡಿಬಿಡಿಯಲ್ಲಿ ಕೋಟಿನ ಗುಂಡಿಯ ತುದಿಯನ್ನು ಹಾಸಿಗೆಯ ಬಳಿ ಬಿಗಿಯಲು ಹೊರಟಾಗ ಅಜ್ಜಿ ಪಟ್ಟಿಯನ್ನು ತಿರುಗಿಸಿ ಕೊಟ್ಟಳು. ಕೊನೆಯ ಮೊಳೆ ಹೊಡೆದ ಮೇಲೆ ನಾವೆಲ್ಲ ಅಜ್ಜನ ಕಡೆ ನೋಡಿದೆವು. ಅಜ್ಜ ಎದ್ದ. ಗೋಡೆ ತಡವಿದ. ಬೆರಳಿಗೆ ಗುಂಡಿ ಸಿಕ್ಕಿತು. ಮಧ್ಯದಲ್ಲೊಮ್ಮೆ ನಿಂತ, ಮತ್ತೆ ಹೊರಟ. ದೊಡ್ಡ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಾಗಿಲು ತಳ್ಳಿದ. ನನ್ನ ಅಮ್ಮ ಕಣ್ಣೊರೆಸಿಕೊಂಡಳು.

ಬಚ್ಚಲಿನಿಂದ ಮರಳಿದ ಅಜ್ಜ ಕಿಟಕಿಯ ಬಳಿಯ ಕುರ್ಚಿಯ ಮುಂದೆ ನಿಂತ. ಅದನ್ನು ಸುತ್ತ ನೋಡಿದ.

"ಇದು ಯಾರದು?"

"ನಿಮ್ಮದೇ. ಕೂತ್ಕೊಳ್ಳಿ," ಎಂದಳು ಅಜ್ಜಿ.

"ಬೇಡ. ಯಾರಾದ್ರೂ ಬರ್ತಾರೆ." ಹೋಗಿ ಹಾಸಿಗೆಯ ಅಂಚಿನಲ್ಲಿ, ಪರರ ಮನೆಗೆ ಬಂದವನಂತೆ ಮುದುಡಿ ಕೂತ.

ಅಜ್ಜಿ ಮಗನ ಕಡೆ ತಿರುಗಿದಳು. "ಕುರ್ಚಿ ಹೋಯ್ತು."

ಮಾವ ಸುತ್ತಿಗೆ ಹಿಡಿದು ನಿಂತೇ ಇದ್ದರು. ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು, ಅಂಗಡಿಯದ್ದಿರಬೇಕು. ಅದನ್ನು ನಿಲ್ಲಿಸಿದರು.

"ಸುತ್ತಿಗೆ ಕೆಳಗಿಡು," ಎಂದಳು ಅಜ್ಜಿ. "ಕೂತ್ಕೋ ಅಲ್ಲಿ."

"ಆ ಕುರ್ಚಿಯಲ್ಲಾ? ನಾನಾ?"

"ಅವರು ಎದ್ದು ಬಂದು, ಏಳು, ನನ್ನ ಕುರ್ಚಿ ಅಂತ ಎಬ್ಬಿಸೋ ತನಕ ಕೂತ್ಕೋ. ನಿನಗೆ ಇನ್ನೂ ಮೂರು ದಿನ ರಜೆ ಇದೆಯಲ್ಲ."

ಮಾವ ಕೂತರು. ಕುರ್ಚಿಯ ಬೆನ್ನಿಗೂ ಒರಗಲಿಲ್ಲ. ಅಜ್ಜ ಹಾಸಿಗೆಯಿಂದ ಅವರನ್ನು ಅಳೆಯುವಂತೆ ನೋಡುತ್ತಿದ್ದ. ಅಜ್ಜಿ ನೀಲಿ ಅಂಗಿಯನ್ನು ಮಡಿಲಿಗೆಳೆದುಕೊಂಡು, ಶಾಲಿನ ಗಂಟು ಬಿಚ್ಚಿ, ಹಾರಿಹೋಗಿದ್ದ ಗುಂಡಿಯನ್ನು ಹೊಲಿಯತೊಡಗಿದಳು. ಕೆಳಗಿನ ಬೀದಿಯಲ್ಲಿ ಹೊಲಿಗೆ ಯಂತ್ರಗಳು ಓಡುತ್ತಿದ್ದವು. ಬಹಳ ಹೊತ್ತಿನ ಮೇಲೆ, ಕತ್ತರಿ ಪಕ್ಕದಲ್ಲೇ ಇದ್ದರೂ, ಅವಳು ದಾರ ಕಚ್ಚಿದ ಸದ್ದು ಕೇಳಿಸಿತು.