ಗಣಪತಿ ಕೂತಿದ್ದ ವ್ಯಾನು

ಮೊನ್ನೆ ಅಕ್ಕನ ಮಗ ಮುರಳಿ ಕಡಿಯಾಳಿಯ ನಮ್ಮ ಮನೆಗೆ ಬಂದವನೇ ದೇವರ ಗೂಡಿನ ಮುಂದೆ ನಿಂತ. "ಚಿಕ್ಕಮ್ಮಾ, ಈ ಸಣ್ಣ ಗಣಪತಿ ಪಟ ನನಗೆ ಕೊಡ್ತೀರಾ? ನನ್ನ ವ್ಯಾನಿಗೆ ಸರಿಯಾಗ್ತದೆ" ಎಂದ. ಅಂಗೈಯಗಲದ ಪಟ ಅದು. ಬೆನ್ನಿಗೊಂದು ತಗಡು, ತಗಡಿನ ತೂತಿನಲ್ಲಿ ಇನ್ನೂ ಒಂದು ತುಂಡು ತಂತಿ. ಅದನ್ನು ಕಂಡರೆ ನಿಮಗೆ ಭಕ್ತಿ ಬಂದೀತು. ನನಗೆ ಸಿಟ್ಟು ಬರುತ್ತದೆ. ಇಪ್ಪತ್ತೈದು ವರ್ಷಗಳಿಂದ ದಿನವೂ ಅದಕ್ಕೆ ಹೂವಿಡುತ್ತೇನೆ, ದಿನವೂ ಸಿಟ್ಟಾಗುತ್ತೇನೆ. ಗಣಪತಿಯ ಮೇಲಲ್ಲ, ಪಾಪ, ಅವನದೇನೂ ತಪ್ಪಿಲ್ಲ.

ಮುರಳಿ ಇನ್ನೂ ವ್ಯಾನು ಕೊಂಡಿರಲಿಲ್ಲ. ಕಾರ್ಕಳದಲ್ಲಿ ಒಂದಿದೆಯಂತೆ, ಬಹಳ ಹಳೆಯದು, ಅದನ್ನು ರಿಪೇರಿ ಮಾಡಿ ಮಣಿಪಾಲದಲ್ಲಿ ಕಾಲೇಜು ಮಕ್ಕಳಿಗೆ ಜ್ಯೂಸ್ ಮಾರುತ್ತಾನಂತೆ. "ವಿಂಟೇಜ್, ಚಿಕ್ಕಮ್ಮಾ!" ಎಂದ, ಕಣ್ಣರಳಿಸಿ. ತುಕ್ಕಿಗೆ ಈಗ ಹೀಗೊಂದು ಮರ್ಯಾದೆಯ ಹೆಸರು ಬಂದಿದೆ, ನೋಡಿ. ಹಾಗಾದರೆ ನನ್ನ ಮಂಡಿನೋವೂ ವಿಂಟೇಜೇ. ನಗುತ್ತಾ ಹೇಳಿದೆನಾದರೂ ಒಳಗೊಳಗೇ ಆ ಹಳೆಯ ಸಿಟ್ಟು ಕುದಿಯತೊಡಗಿತ್ತು. "ನೋಡಲಿಕ್ಕೆ ಹೋಗುವಾಗ ನಾನೂ ಬರ್ತೇನೆ" ಎಂದೆ.

ಯಾಕೆಂದರೆ ನಾನೂ ಒಮ್ಮೆ ವ್ಯಾನು ನೋಡಲು ಹೋದವಳು.

ತೊಂಬತ್ತರ ದಶಕದ ಕೊನೆಯ ಮಾತು. ಪರ್ಕಳದಲ್ಲಿ ನಾನೊಂದು ಶಿಶುವಿಹಾರ ನಡೆಸುತ್ತಿದ್ದೆ. ಶಿಶುವಿಹಾರ ಎಂದರೆ ಎರಡು ಕೋಣೆ, ಒಂದು ಜಾರುಬಂಡಿ ಮತ್ತು ನಾನು. ಮಣಿಪಾಲದಲ್ಲಿ ಆಗ ಒಂದರ ಬೆನ್ನಿಗೊಂದು ಕಟ್ಟಡ ಏಳುತ್ತಿತ್ತು. ಅವನ್ನು ಕಟ್ಟಲು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಬಂದವರು ತಗಡಿನ ಶೆಡ್ಡುಗಳಲ್ಲಿ ಇರುತ್ತಿದ್ದರು. ಅವರ ಹನ್ನೊಂದು ಮಕ್ಕಳು ದೊಡ್ಡ ರಸ್ತೆಯ ಅಂಚಿನಲ್ಲಿ ಸಾಲಾಗಿ ನಡೆದು ನನ್ನಲ್ಲಿಗೆ ಬರುತ್ತಿದ್ದವು. ಒಂದು ಬೆಳಿಗ್ಗೆ ಜಲ್ಲಿ ಹೊತ್ತ ಲಾರಿಯೊಂದು ಪಾರಿ ಎಂಬ ನಾಲ್ಕು ವರ್ಷದ ಹುಡುಗಿಯ ಚೀಲವನ್ನು ಎಳೆದುಕೊಂಡು ಹೋಯಿತು. ಚೀಲವನ್ನು ಮಾತ್ರ. ಆ ಹುಡುಗಿ ಬಂದು ನನ್ನ ಸೆರಗು ಹಿಡಿದು, "ಟೀಚರ್, ನನ್ನ ಪಾಟಿ ಲಾರಿ ಒಯ್ತು" ಎಂದು ಅತ್ತಳು. ಅವಳಿಗೆ ಸ್ಲೇಟಿನ ಚಿಂತೆ. ನನಗೆ ಅಂದು ಊಟ ಸೇರಲಿಲ್ಲ. ಏನಾದರಾಗಲಿ, ಈ ಮಕ್ಕಳಿಗೊಂದು ವ್ಯಾನು ಬೇಕೇ ಬೇಕು ಎಂದು ನಿಶ್ಚಯಿಸಿದೆ. ಹೊಸ ವ್ಯಾನು ನನ್ನಂಥವಳ ಕೈಗೆ ಎಟುಕುವ ಮಾತಾಗಿರಲಿಲ್ಲ.

ಕಾಪುವಿನಲ್ಲಿ ಒಂದು ಹಳೆಯ ವ್ಯಾನು ಮಾರಾಟಕ್ಕಿದೆ ಎಂದು ಸುದ್ದಿ ತಂದವರು ನಮ್ಮ ಭಾವ, ಈ ಮುರಳಿಯ ಅಪ್ಪ. ಭಾವನಿಗೆ ವಾಹನಗಳ ವಿಷಯದಲ್ಲಿ ಗೊತ್ತಿಲ್ಲದ್ದೇ ಇರಲಿಲ್ಲ. ಅವರು ಜೀವಮಾನದಲ್ಲಿ ಸೈಕಲ್ಲಿಗಿಂತ ದೊಡ್ಡದನ್ನು ಓಡಿಸಿರಲಿಲ್ಲ ಎಂಬುದು ಬೇರೆ ಮಾತು. ನಾವಿಬ್ಬರು ಹೊರಟಿದ್ದೆವು. ಪಾರಿಯ ಅಪ್ಪ ಯಮನಪ್ಪ ಬಸ್ ಸ್ಟ್ಯಾಂಡಿಗೇ ಬಂದು ನಿಂತ. ಅವನು ಕಟ್ಟಡದಲ್ಲಿ ಕಬ್ಬಿಣದ ಸಳಿ ಬಗ್ಗಿಸಿ ತಂತಿ ಕಟ್ಟುವ ಕೆಲಸದವನು. "ನಾನೂ ಬರ್ತೀನ್ರಿ ಅಕ್ಕಾರ. ದಿನಾ ಕಬ್ಬಿಣದ ಕೂಡ ಬಾಳೇವು ಮಾಡಾಂವ ನಾನು" ಎಂದ. ಭಾವ ನನ್ನ ಕಿವಿಯಲ್ಲಿ, "ಇವನಿಗೆ ವ್ಯಾನಿನ ವಿಷಯ ಎಂತ ಗೊತ್ತುಂಟು ಮಾರಾಯ್ತಿ?" ಎಂದರು. ನನಗೂ ಹಾಗೇ ಅನ್ನಿಸಿತ್ತು.

ತೆಂಗಿನ ನೆರಳಿನಲ್ಲಿ ವ್ಯಾನು ನಿಂತಿತ್ತು. ಹೊಸದಾಗಿ ಕೆನೆಬಣ್ಣ ಬಳಿದಿದ್ದರು. ಒಳಗೆ ಕೆಂಪು ಮ್ಯಾಟು ಹಾಸಿತ್ತು. ಸ್ಟೇರಿಂಗಿನ ಮುಂದೆ ಗಣಪತಿ, ಅವನ ಕೊರಳಿಗೆ ಮಲ್ಲಿಗೆ, ಪಕ್ಕದಲ್ಲಿ ಉರಿಯುತ್ತಿದ್ದ ಊದುಬತ್ತಿ. ಬಿಳಿ ಮುಂಡು ಉಟ್ಟ ಯಜಮಾನರು ತಾವಾಗಿಯೇ ಬಾಗಿಲ ಅಂಚಿನ ತುಕ್ಕನ್ನು ಬೆರಳಿಟ್ಟು ತೋರಿಸಿದರು. "ನೋಡಿ ಟೀಚರೇ, ಇಲ್ಲಿ ಸ್ವಲ್ಪ ಉಂಟು. ಮುಚ್ಚಿಟ್ಟು ಮಾರುವ ಜನ ನಾನಲ್ಲ. ಮನೆಯವರು ದೇವಸ್ಥಾನಕ್ಕೆ ಹೋಗಿ ಬಂದದ್ದು ಬಿಟ್ಟರೆ ಈ ಗಾಡಿ ಬೇರೆ ಎಂತ ಕೆಲಸವೂ ಮಾಡಲಿಲ್ಲ." ಎಂಥ ಸತ್ಯವಂತರು ಎಂದು ನನ್ನ ಮನಸ್ಸು ಕರಗಿಹೋಯಿತು. ಬೆರಳಗಲದ ತುಕ್ಕು ತೋರಿಸಿದವನನ್ನು ಮೊಳದಗಲದ ತುಕ್ಕಿನ ಬಗ್ಗೆ ಯಾರು ಕೇಳುತ್ತಾರೆ, ಹೇಳಿ?

ಇನ್ನು ನಾವು ಮಾಡಿದ ಪರೀಕ್ಷೆ. ಭಾವ ಮೂರು ಸಲ ಹಾರ್ನ್ ಒತ್ತಿದರು. ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿಸಿ, ಒಂಬತ್ತು ಬಂತು, ಒಳ್ಳೆಯದೇ, ಎಂದರು. ಬಾಗಿಲು ತೆಗೆದು ಹಾಕಿ ಸದ್ದು ಕೇಳಿದರು. ಆಮೇಲೆ ಎಲ್ಲರೂ ಚಪ್ಪಲಿ ಕಳಚಿಟ್ಟು ಒಳಗೆ ಹತ್ತಿದೆವು. ಒಳಗೆ ದೇವರಿದ್ದಾನಲ್ಲ! ಗರ್ಭಗುಡಿಯ ಎದುರು ನಿಂತವರ ಹಾಗೆ ಮೆಲ್ಲಗೆ ಹೆಜ್ಜೆಯಿಟ್ಟೆವು. ಊದುಬತ್ತಿಯ ಹೊಗೆಯ ನಡುವೆ ಏನೋ ಒಂದು ವಾಸನೆ ಬಂತು. ಮೀನು ತಿನ್ನದ ಮನೆಯ ನನ್ನ ಮೂಗು ಅದನ್ನು ಕಾಪುವಿನ ಕಡಲ ಗಾಳಿ ಎಂದು ಒಪ್ಪಿಕೊಂಡಿತು.

ಅಷ್ಟರಲ್ಲಿ ಯಮನಪ್ಪ ಹಿಂದಿನ ಮೂಲೆಗೆ ಹೋಗಿ ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದಿದ.

"ಏನಪ್ಪಾ ಇದು! ದೇವರ ಎದುರು ಒದೆಯುವುದಾ? ಕಾಲು ತೆಗಿ!"

ಹೀಗೆ ಕೂಗಿದವಳು ನಾನೇ. ಯಜಮಾನರಲ್ಲ, ಭಾವನೂ ಅಲ್ಲ. ಯಜಮಾನರು ನೊಂದವರ ಹಾಗೆ ತಲೆಯಾಡಿಸಿ, "ಇರಲಿ, ಹೊರಗಿನ ಜನ, ಅವರಿಗೆ ಗೊತ್ತಾಗುವುದಿಲ್ಲ" ಎಂದು ಅವನನ್ನು ಕ್ಷಮಿಸಿಬಿಟ್ಟರು. ಆ ಕ್ಷಮೆಯನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಯಮನಪ್ಪ ಕಾಲು ತೆಗೆದ. ಎರಡೂ ಕೈಯಿಂದ ಕೆನ್ನೆ ಮುಟ್ಟಿಕೊಂಡ. ಆಮೇಲೆ ಮುಂದೆ ಬಂದು, ದಿನವೂ ಸಾವಿರ ಗಂಟು ಹಾಕುವ ಬೆರಳುಗಳಿಂದ ಪಟದ ತಂತಿಯನ್ನು ಕ್ಷಣದಲ್ಲಿ ಬಿಚ್ಚಿ, ಹೂವಿನ ಸಮೇತ ಗಣಪತಿಯನ್ನು ನನ್ನ ಕೈಗಿಟ್ಟ. "ಇದನ್ನ ಒಂದೀಟು ಹಿಡ್ಕೋರಿ ಅಕ್ಕಾರ. ದೇವ್ರು ಮ್ಯಾಲ ನೋಡ್ಕೋತಾನ್ರಿ. ತಳ ನಾವ ನೋಡ್ಬೇಕ್ರಿ. ಕೂಸು ಇದರ ಮ್ಯಾಲ ಕುಂದ್ರತೈತಿ" ಎಂದ.

ಯಜಮಾನರು "ಏ, ಏ" ಎನ್ನುತ್ತಾ ಒಳಗೆ ಹತ್ತುವಷ್ಟರಲ್ಲಿ ಅವನು ಮತ್ತೆ ಗುದ್ದಿದ. ಈ ಸಲ ಕಾಲು ಮೇಲೆ ಬರಲಿಲ್ಲ. ಮ್ಯಾಟು ಕುಸಿದು, ತಗಡು ಹಪ್ಪಳದಂತೆ ಮುರಿದು, ಮೊಣಕಾಲಿನವರೆಗೆ ಇಳಿದುಹೋಯಿತು. ಮ್ಯಾಟು ಎತ್ತಿ ನೋಡಿದರೆ ಕೆಳಗೆ ತೆಂಗಿನ ಗರಿ, ಮರಳು, ಒಂದು ಸಾಲು ಇರುವೆ ಎಲ್ಲವೂ ಕಾಣುತ್ತಿದ್ದವು. ಕಡಲ ಗಾಳಿಯ ಗುಟ್ಟೂ ಹೊರಬಿತ್ತು. ವರ್ಷಗಟ್ಟಲೆ ಮೀನಿನ ಪೆಟ್ಟಿಗೆಗಳಿಂದ ಸೋರಿದ ಐಸಿನ ಉಪ್ಪುನೀರು ಆ ತಗಡನ್ನು ತಿಂದು ಹಾಕಿತ್ತು.

ಯಜಮಾನರಿಗೆ ನಾಚಿಕೆಯಾಯಿತೆಂದು ತಿಳಿದಿರಾ? "ಸಣ್ಣ ಮಕ್ಕಳಲ್ವಾ ಟೀಚರೇ, ಭಾರ ಎಷ್ಟುಂಟು? ಮೇಲಿಂದ ಒಂದು ಹಲಗೆ ಹಾಕಿದ್ರೆ ಆಯ್ತು" ಎಂದರು. ಭಾರ ಎಷ್ಟುಂಟು! ಹನ್ನೊಂದು ಮಕ್ಕಳ ಭಾರ ಎಷ್ಟೆಂದು ನನಗೆ ಗೊತ್ತು. ಒಬ್ಬೊಬ್ಬರನ್ನೂ ಎತ್ತಿಕೊಂಡವಳು ನಾನು. ಆದರೆ ನನ್ನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ಯಮನಪ್ಪನಿಗೆ "ಕಾಲು ತೆಗಿ" ಎಂದು ಗದರಿದ ಅದೇ ಬಾಯಿ! ಬಿಳಿ ಮುಂಡಿನ ಮುಂದೆ ಅದಕ್ಕೆ ಬೀಗ ಬಿದ್ದಿತ್ತು. ಖಾರವಾದ ಉತ್ತರಗಳೆಲ್ಲ ಹೊಳೆದದ್ದು ಬಸ್ಸು ಕಟಪಾಡಿ ದಾಟಿದ ಮೇಲೆ. ಗಣಪತಿ ಇನ್ನೂ ನನ್ನ ಮಡಿಲಲ್ಲೇ ಇದ್ದಾನೆಂದು ಗಮನಿಸಿದ್ದೂ ಆಗಲೇ. ಹಿಂದಿರುಗಿಸಲು ನಾನು ಹೋಗಲಿಲ್ಲ. ಬೇಕಾದರೆ ಕಳ್ಳತನ ಎನ್ನಿ.

ಆ ಮನುಷ್ಯ ಒಂದು ವಿಷಯವನ್ನು ಚೆನ್ನಾಗಿ ಬಲ್ಲವನಾಗಿದ್ದ. ನಾವು ದೇವರಿರುವ ಕಡೆ ಜೋರಾಗಿ ಹೆಜ್ಜೆಯಿಡುವ ಜನರಲ್ಲ. ನಮ್ಮ ಸಭ್ಯತೆಯನ್ನೇ ಅವನು ಮ್ಯಾಟಿನ ಹಾಗೆ ಹಾಸಿ ತೂತು ಮುಚ್ಚಿದ್ದ. ಅವನ ಮೇಲಿನ ಸಿಟ್ಟು ಸರಿಯೇ. ಆದರೆ ನಾನೂ ಅವನ ಪರವಾಗಿ ಕಾವಲು ನಿಂತಿದ್ದೆನಲ್ಲ, ಆ ಸಿಟ್ಟನ್ನು ಎಲ್ಲಿಡಲಿ?

ಶಿಶುವಿಹಾರಕ್ಕೆ ಬಂದು ಯಮನಪ್ಪನ ಕಾಲಿನ ಗಾಯಕ್ಕೆ ಟಿಂಚರ್ ಹಚ್ಚುವಾಗ, "ನಿನಗೆ ಹಾಗೆ ಬೈಯಬಾರದಿತ್ತು, ತಪ್ಪಾಯಿತು" ಎಂದೆ. ಅವನು ಉರಿಗೆ ಹಲ್ಲು ಕಚ್ಚಿಕೊಂಡೇ ನಕ್ಕ. "ಇರ್ಲಿ ಬಿಡ್ರಿ ಅಕ್ಕಾರ. ನನ್ನ ಕಾಲು ಹೋತು, ನಮ್ಮ ಪಾರಿ ಕಾಲು ಉಳೀತು." ಆ ವರ್ಷವೆಲ್ಲ ವ್ಯಾನು ಬರಲಿಲ್ಲ. ಶೆಡ್ಡಿನ ಹೆಂಗಸರು ಸರದಿಯಂತೆ ಮಕ್ಕಳನ್ನು ನಡೆಸಿಕೊಂಡು ಬಂದರು. ಕಟ್ಟಡ ಮುಗಿದ ಮೇಲೆ ಪಾರಿಯ ಮನೆಯವರು ಬೇರೆ ಊರಿಗೆ ಹೋದರು.

ನಿನ್ನೆ ಮುರಳಿಯ ಜೊತೆ ಕಾರ್ಕಳಕ್ಕೆ ಹೋದೆ. ವ್ಯಾನು ಚೆನ್ನಾಗಿ ತೊಳೆಸಿಕೊಂಡು ನಿಂತಿತ್ತು. ಮುಂದೆ ದೇವರ ಪಟ, ಹೂವು, ಎಲ್ಲ ಇತ್ತು. ಮಾರುವಾತ ಇನ್ನೂ ಹರೆಯದವನು, ನಯವಾಗಿ, "ಆಂಟಿ, ಚಪ್ಪಲಿ ಹೊರಗೆ ಬಿಡಿ, ಒಳಗೆ ದೇವರು ಉಂಟು" ಎಂದ. ಬಿಟ್ಟೆ. ಹಿಮ್ಮಡಿಗೆ ಗೊತ್ತಾಗುವಷ್ಟು ಚಪ್ಪಲಿಗೆ ಗೊತ್ತಾಗುವುದಿಲ್ಲ. ಒಳಗೆ ಹೋಗಿ ಪಟ ತೆಗೆದು, ಎರಡೂ ಕೈಯಿಂದ ಅವನ ಕೈಗೇ ಕೊಟ್ಟೆ. "ಇದನ್ನು ಸ್ವಲ್ಪ ಹಿಡಿದುಕೊಳ್ಳಿ."

ಸೆರಗು ಸಿಕ್ಕಿಸಿ ಕಾಲೆತ್ತಿದೆ. "ಚಿಕ್ಕಮ್ಮಾ, ದೇವರ ಎದುರು!" ಎಂದು ಮುರಳಿ ಗಾಬರಿಯಾದ.

"ದೇವರು ಮೇಲೆ ನೋಡಿಕೊಳ್ತಾನೆ" ಎಂದೆ. "ತಳ ನಾವೇ ನೋಡಬೇಕು."

ಮಂಡಿ ಕಳಕ್ ಎಂದಿತು, ತಗಡು ಢಣ್ ಎಂದಿತು. ಸರಿ, ಒಂದು ಮೂಲೆ ಆಯಿತು. ಇನ್ನು ಮೂರಿವೆ.