ಹುಳದ ಬಂಗ್ಲೆಗೆ ಹುಳ ಹಿಡಿಸಿದವರು

ಆ ಮಂಗಳವಾರ ಬೆಳಿಗ್ಗೆ ನಳಕ್ಕೆ ನೀರು ಬರುವಷ್ಟರಲ್ಲಿ ಎದ್ದು ಹಂಡೆ ತುಂಬಿಸಿದೆ. ಜೋಳದ ರೊಟ್ಟಿ ಬಡಿದೆ, ಬದನೆಕಾಯಿ ಪಲ್ಯ ಮಾಡಿದೆ, ಅತ್ತೆಯವರಿಗೆ ಬಿಪಿ ಗುಳಿಗೆ ಕೊಟ್ಟೆ, ಒಗೆದ ಬಟ್ಟೆಯನ್ನು ಮಳೆ ತಾಗದ ಹಾಗೆ ಪಡಸಾಲೆಯ ಹಗ್ಗಕ್ಕೆ ಹರವಿದೆ. ಸ್ಕೂಟರಿನ ಸೀಟು ಒರೆಸಿ ದಾಂಡೇಲಿಯ ಅಂಬೇವಾಡಿಯಿಂದ ಹೊರಟೆ. ದಾರಿಯಲ್ಲಿ ಒಂದು ಶಾಲೆಯ ಹೊಸ ಪ್ಲಾಸ್ಟರನ್ನು ತಟ್ಟಿ ನೋಡಿ ಹಳಿಯಾಳದ ಕಚೇರಿ ಮುಟ್ಟಿದೆ. ಮೂರು ಮಳೆಗಾಲದ ಹಿಂದಿನ ಮಾತು ಇದು. ಆಗ ನಾನು ಅಲ್ಲಿ ಜೂನಿಯರ್ ಇಂಜಿನಿಯರ್. ದಾಂಡೇಲಿ, ಜೊಯಿಡಾ ಕಡೆಯ ಸರ್ಕಾರಿ ಕಟ್ಟಡಗಳ ರಿಪೇರಿ ನನ್ನ ಪಾಲಿನ ಕೆಲಸ.

ಮೇಜಿನ ಮೇಲೆ ಒಂದು ಫೈಲು ಕಾಯುತ್ತಿತ್ತು. ದಾಂಡೇಲಿಯಿಂದ ಮೌಳಂಗಿಗೆ ಹೋಗುವ ರಸ್ತೆಯ ಬದಿಯ ಹಳೆಯ ಬಂಗ್ಲೆಯನ್ನು ಕೆಡವಿ ಪ್ರವಾಸಿಗರಿಗೆ ಕಾಟೇಜು ಕಟ್ಟುವ ಯೋಜನೆ. ಕೆಡವಬೇಕಾದರೆ ಕಂಡೆಮ್ನೇಶನ್ ಸರ್ಟಿಫಿಕೇಟ್ ಬೇಕು. ಅಂದರೆ ಈ ಕಟ್ಟಡ ಇನ್ನು ಬಳಕೆಗೆ ಬಾರದು ಎಂದು ಇಂಜಿನಿಯರು ಬರೆದುಕೊಡುವ ಪ್ರಮಾಣಪತ್ರ. ಅದರಲ್ಲಿ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಬೆಂಗಳೂರಿನ ಕನ್ಸಲ್ಟಂಟ್ ಒಬ್ಬರ ವರದಿಯೂ ಜೊತೆಗಿತ್ತು: "ಕಟ್ಟಡ ಖಾಲಿ ಇದೆ. ಮರದ ಭಾಗಗಳಿಗೆ ಸಂಪೂರ್ಣ ಹುಳ ಹಿಡಿದಿದೆ. ಸ್ಥಳೀಯರು ಇದನ್ನು ಹುಳದ ಬಂಗ್ಲೆ ಎಂದೇ ಕರೆಯುವುದರಿಂದ ಇದು ದೃಢಪಟ್ಟಿದೆ."

ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಓದಿದಾಗ ಮೈ ಉರಿಯಿತು.

ನಾನು ದಾಂಡೇಲಿಯಲ್ಲೇ ಬೆಳೆದವಳು. ಅಪ್ಪ ಧಾರವಾಡ ಕಡೆಯಿಂದ ಬಂದು ಕಾಗದದ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದರು. ಬ್ರಿಟಿಷರ ಕಾಲದ ಆ ಬಂಗ್ಲೆಯಲ್ಲಿ ನನ್ನ ಚಿಕ್ಕಂದಿನಲ್ಲಿ ಒಬ್ಬ ಕೀಟವಿಜ್ಞಾನಿ ಇದ್ದರು. ಮುಂದಿನ ದೊಡ್ಡ ಹಾಲ್ ಅವರ ಆಫೀಸು, ಹಿತ್ತಲ ಕಡೆಗೆ ಅಂಟಿಕೊಂಡ ಕೋಣೆ ಅವರ ಲ್ಯಾಬು. ಸಾಗವಾನಿಯ ಎಲೆ ತಿನ್ನುವ ಹುಳ, ಮರ ಕೊರೆಯುವ ಹುಳಗಳನ್ನು ಅಲ್ಲಿ ಜಾಳಿಗೆಯ ಪೆಟ್ಟಿಗೆಗಳಲ್ಲಿ ಸಾಕುತ್ತಿದ್ದರು. ಊರಿನವರು ಅವರಿಗೆ ಹುಳದ ಸಾಹೇಬರೆಂದೂ ಬಂಗ್ಲೆಗೆ ಹುಳದ ಬಂಗ್ಲೆಯೆಂದೂ ಹೆಸರಿಟ್ಟರು. ನಾವು ಕಡ್ಡಿಪೆಟ್ಟಿಗೆಯಲ್ಲಿ ಹುಳ ತುಂಬಿಕೊಂಡು ಹೋದರೆ ಪೆಪ್ಪರಮಿಂಟು ಕೊಡುತ್ತಿದ್ದರು. ಸತ್ತ ಹುಳಕ್ಕೆ ಇಲ್ಲ. ಲ್ಯಾಬಿನ ಕಪಾಟುಗಳ ಕಾಲುಗಳು ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಂತಿರುತ್ತಿದ್ದವು, ಇರುವೆ ಹತ್ತಬಾರದೆಂದು. ಅಂಗಳದ ತುಂಬ ಸಾಲಾಗಿ ಹೂತ ಮರದ ಗೂಟಗಳು. ಯಾವ ಮರವನ್ನು ಗೆದ್ದಲು ತಿನ್ನುತ್ತದೆ, ಯಾವುದನ್ನು ಬಿಡುತ್ತದೆ ಎಂದು ಹೀಗೆ ಮಣ್ಣಲ್ಲಿ ಹೂತು ನೋಡುವುದಕ್ಕೆ ಗ್ರೇವ್‌ಯಾರ್ಡ್ ಟೆಸ್ಟ್ ಎನ್ನುತ್ತಾರೆಂದು ನಾನು ಕಲಿತದ್ದು ಎಷ್ಟೋ ವರ್ಷಗಳ ನಂತರ. ಇಡೀ ತಾಲೂಕಿಗೆ ಹುಳ ಹಿಡಿದರೂ ಆ ಮನುಷ್ಯನ ಬಂಗ್ಲೆಗೆ ಹಿಡಿಯುತ್ತಿರಲಿಲ್ಲ.

ಮಧ್ಯಾಹ್ನವೇ ಹೋದೆ. 'ಖಾಲಿ' ಕಟ್ಟಡದ ಹಾಲಿನಲ್ಲಿ ಅಂಗನವಾಡಿ ನಡೆದಿತ್ತು. ಕಾರ್ಯಕರ್ತೆ ಶಾಂತಕ್ಕ ಬಾಗಿಲಿಗೆ ಬಂದರು.

"ಹುಳ ನೋಡಾಕ ಬಂದೇನ್ರಿ ಅಕ್ಕಾರ," ಎಂದೆ.

"ಬರ್ರಿ ಮೇಡಂ, ಒಳಗ ಕುಂತಾವ," ಎಂದು ಮಕ್ಕಳ ಕಡೆ ಕೈ ಮಾಡಿದರು. "ಒಂದಕ್ಕೂ ಹಲ್ಲು ಪೂರಾ ಬಂದಿಲ್ಲ, ಆದ್ರೂ ದಿನಾ ನನ್ನ ತಲಿ ತಿಂತಾವ."

ವಿಷಯ ಹೇಳಿದಾಗ ಅವರ ನಗು ಹೋಯಿತು. "ಇದನ್ನ ಕೆಡವಿದ್ರ ನಮ್ಮನ್ನ ಎಲ್ಲಿ ಕುಂಡರಸ್ತಾರ್ರಿ? ಇದಕ್ಕ ಮೊದಲು ಗುಡಿ ಕಟ್ಟಿ ಮ್ಯಾಲ ಇದ್ವಿ. ಮಳಿ ಬಂದ್ರ ಸಾಲಿ ಸೂಟಿ."

"ಫೈಲಿನ್ಯಾಗ ನೀವು ಇಲ್ಲss ಇಲ್ರಿ," ಎಂದೆ. ಹೇಳಲು ನಾಚಿಕೆಯಾಯಿತು.

ಏಣಿ ಹಾಕಿ ತೊಲೆಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿದೆ, ದಬ್ಬಣದಿಂದ ಚುಚ್ಚಿದೆ. ಒಳಗೆ ಹುಳ ತಿಂದಿದ್ದರೆ ಸದ್ದು ಟೊಳ್ಳಾಗುತ್ತದೆ, ದಬ್ಬಣ ಸಲೀಸಾಗಿ ಇಳಿಯುತ್ತದೆ. ಜಂಬೆ ಮರದ ಆ ತೊಲೆಗಳಲ್ಲಿ ದಬ್ಬಣದ ಮೊನೆಯೇ ಬಾಗಿತು. ಹೆಂಚು ಒಡೆದ ಒಂದು ಮೂಲೆಯಲ್ಲಿ ಮಾತ್ರ ಮರ ಮೆತ್ತಗಾಗಿತ್ತು. ಅದು ನೀರಿನ ಕೆಲಸ. ನಾಲ್ಕು ಹೆಂಚು ಬದಲಿಸಿದರೆ ಮುಗಿಯಿತು. ಹಿಂದಿನ ಲ್ಯಾಬೂ ಹಾಗೇ ಗಟ್ಟಿಯಾಗಿತ್ತು. ಜಾಳಿಗೆ ಕಿಟಕಿ, ಕಪಾಟು, ಕಲ್ಲಿನ ಬಟ್ಟಲು ಎಲ್ಲ ಇದ್ದವು. ಬಟ್ಟಲುಗಳಲ್ಲಿ ನೀರಿರಲಿಲ್ಲ ಅಷ್ಟೇ.

ಮರುದಿನ ನಮ್ಮ ಸಾಹೇಬರ ಮುಂದೆ ಫೈಲು ಇಟ್ಟು, ಸಹಿ ಹಾಕುವುದಿಲ್ಲ ಎಂದೆ.

"ಕೆಡವೂದು ಅಂತ ಮ್ಯಾಲಿನವ್ರು ಠರಾಯ್ಸ್ಯಾರ್ರಿ. ನೀವ್ಯಾಕ ಅಡ್ಡ ಬರ್ತೀರಿ?"

"ಹುಳ ಇಲ್ರಿ ಸರ್."

"ಹೆಸರss ಹುಳದ ಬಂಗ್ಲೆ ಅಂತ ಐತಲ್ಲ."

"ನಮ್ಮ ಓಣ್ಯಾಗ ಹುಲಿಗೆವ್ವ ಅಂತ ಒಬ್ಬಾಕಿ ಅದಾಳ್ರಿ ಸರ್. ಫಾರೆಸ್ಟಿನವರಿಗೆ ಫೋನ್ ಮಾಡ್ಲೇನ್ರಿ?"

ಪಕ್ಕದ ಮೇಜಿನವರು ಕೆಮ್ಮಿದರು. ಸಾಹೇಬರು ನಗಲಿಲ್ಲ. ಆದರೂ ಗುರುವಾರ ಜಂಟಿ ಪರಿಶೀಲನೆ ಎಂದು ಬರೆದರು.

ಗುರುವಾರ ಕನ್ಸಲ್ಟಂಟರೂ ಬಂದರು. ಬಾಗಿಲು ದಾಟುವಾಗ ಅತ್ತಿತ್ತ ನೋಡಿದ ರೀತಿಯಲ್ಲೇ ಗೊತ್ತಾಯಿತು, ಒಳಗೆ ಕಾಲಿಡುತ್ತಿರುವುದು ಇದೇ ಮೊದಲು. ನೆಲದ ಮೂಲೆಯಲ್ಲಿ ಚೆಲ್ಲಿದ್ದ ಪುಡಿಯನ್ನು ಬೆರಳಲ್ಲಿ ತೆಗೆದು, "ನೋಡಿ ಸರ್, ಹುಳ ಕೊರೆದ ಪುಡಿ," ಎಂದರು.

ಶಾಂತಕ್ಕ ಇಣುಕಿದರು. "ಅದು ಹುಡುಗೂರು ಚೆಲ್ಲಿದ ಪುಷ್ಟಿ ಹಿಟ್ಟರೀ ಸಾಹೇಬ್ರ. ಬೇಕಂದ್ರ ಬೆಲ್ಲ ಹಾಕಿ ಉಂಡಿ ಕಟ್ಟಿ ಕೊಡ್ತೇನಿ."

"ನಾನು ಲೋಕಲ್ ಎನ್‌ಕ್ವೈರಿ ಮಾಡಿದ್ದೇನೆ ಮೇಡಂ," ಎಂದು ಅವರು ನನ್ನ ಕಡೆ ತಿರುಗಿದರು.

"ಯಾರನ್ನ ಕೇಳಿದ್ರಿ?"

"ಎದುರಿಗಿನ ಟೀ ಅಂಗಡಿಯಲ್ಲಿ. ಇದು ಯಾವ ಕಟ್ಟಡ ಅಂತ ಕೇಳಿದೆ. ಹೇಳಿದರು."

ದಬ್ಬಣವನ್ನು ಅವರ ಕೈಗೆ ಕೊಟ್ಟೆ. ಅವರು ಕಂಬವನ್ನು ಒಂದು ಸಲ ಚುಚ್ಚಿ, ಅಂಗೈ ಉಜ್ಜಿಕೊಂಡು ದಬ್ಬಣ ವಾಪಸು ಕೊಟ್ಟರು. ಸಾಹೇಬರು, "ಆಯ್ತು, ಬಂಗ್ಲೆ ಕೆಡವೂದಿಲ್ಲ, ಹೆಂಚಿನ ಎಸ್ಟಿಮೇಟ್ ಹಾಕ್ರಿ," ಎಂದರು. ಆ ಮಾತನ್ನು ನಂಬಿದೆ. ಶಾಂತಕ್ಕ ಮಕ್ಕಳ ಹಾಡು ಮುಂದುವರಿಸಿದರು.

ಸೋಮವಾರ ನಾನು ಜೊಯಿಡಾದಲ್ಲಿ ಒಂದು ಕಚೇರಿಯ ಸೋರುವ ಮಾಳಿಗೆಯ ಮೇಲಿದ್ದೆ. ಶಾಂತಕ್ಕನ ಫೋನು ಬಂತು. "ಮೇಡಂ, ಜೆಸಿಬಿ ಬಂದೈತ್ರಿ. ಹಿಂದಿನ ಖೋಲಿ ಕೆಡವಾಕ ಹತ್ಯಾರ. ಎಲ್ಲಾ ಹುಡುಗೂರನ್ನ ಹಾಲಿನ್ಯಾಗ ಕುಂಡರಿಸಿ ಬಾಗಲಾ ಹಾಕ್ಕೊಂಡೇನಿ. ಇದಕ್ಕ ಕೈ ಹಚ್ಚೂದಾದ್ರ ನಮ್ಮನ್ನ ಹೊರಗ ಹಾಕಿ ಹಚ್ಚಬೇಕು."

ಸ್ಕೂಟರಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಲ್ಯಾಬು ಮಣ್ಣು ಇಟ್ಟಿಗೆಯ ಗುಡ್ಡೆಯಾಗಿತ್ತು. ಕಲ್ಲಿನ ಬಟ್ಟಲುಗಳ ಚೂರುಗಳನ್ನು ಟ್ರ್ಯಾಕ್ಟರಿಗೆ ತುಂಬುತ್ತಿದ್ದರು. ಗುತ್ತಿಗೆದಾರ ಶಾಂತವಾಗಿ ಹೇಳಿದ: "ಬಂಗ್ಲೆ ಮುಟ್ಟಿಲ್ರಿ ಬಾಯಾರ. ಫೈಲಿನ್ಯಾಗ ಇದು ಶೆಡ್ಡು ಅಂತ ಬ್ಯಾರೆ ಐತಿ. ಪ್ರವಾಸಿಗರ ಗಾಡಿ ನಿಲ್ಲಸಾಕ ಜಾಗಾ ಮಾಡ್ರಿ ಅಂತ ನಿಮ್ಮ ಸಾಹೇಬ್ರ ಹೇಳ್ಯಾರ."

ನಿಜ. ಕನ್ಸಲ್ಟಂಟರ ನಕ್ಷೆಯಲ್ಲಿ ಆ ಕೋಣೆಯನ್ನು ಶೆಡ್ ಎಂದು ಗುರುತಿಸಿದ್ದರು. ಫೋನಿನಲ್ಲಿ ಸಾಹೇಬರು, "ಅರ್ಧಾರ ಉಳೀತಲ್ರಿ, ಸಮಾಧಾನ ಮಾಡ್ಕೋರಿ," ಎಂದರು. ನಾನು ಒಪ್ಪಿಗೆ ಕೊಟ್ಟಿಲ್ಲವೆಂದು ಬರೆದು ಕಳಿಸಿದ ಆಕ್ಷೇಪಣೆಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ಒಬ್ಬ ಮನುಷ್ಯ ವರ್ಷಗಟ್ಟಲೆ ಕಣ್ಣಿಗೆ ಲೆನ್ಸು ಹಚ್ಚಿ ಕೂತು ಕೆಲಸ ಮಾಡಿದ ಜಾಗದಲ್ಲಿ ಈಗ ಕಾರುಗಳು ರಿವರ್ಸ್ ತೆಗೆದುಕೊಳ್ಳುತ್ತವೆ.

ಶಾಂತಕ್ಕ ಬಾಗಿಲನ್ನು ಸ್ವಲ್ಪವೇ ತೆರೆದು ಕೇಳಿದರು: "ನಾಳಿ ಅಂಗನವಾಡಿ ತೆರೀಲೇನ್ರಿ?"

"ತೆರೀರಿ," ಎಂದೆ. "ನಾಳಿ ನಾನss ನಿಂತು ಹೆಂಚು ಹಾಕಸ್ತೇನಿ."

ನನ್ನ ಕೆಲಸ ಆ ದಿನ ನನಗೆ ಕಲಿಸಿದ್ದನ್ನು ಇಂದಿಗೂ ಪಾಲಿಸುತ್ತೇನೆ. ಯಾವ ಕಟ್ಟಡಕ್ಕೆ ಹೋದರೂ ಮೊದಲು ಕೈಯಿಂದ ಮುಟ್ಟುತ್ತೇನೆ. ಒಂದೊಂದು ಕೋಣೆಯಲ್ಲೂ ಯಾರು ಏನು ಮಾಡುತ್ತಿದ್ದರೆಂದು ವಿಚಾರಿಸಿ, ನಕ್ಷೆಯ ಮೇಲೆ ಅದೇ ಹೆಸರನ್ನು ಬರೆಯುತ್ತೇನೆ. ಶೆಡ್ ಎಂದು ಬರೆದದ್ದನ್ನು ಕೆಡವಲು ಯಾರ ಸಹಿಯೂ ಬೇಕಾಗುವುದಿಲ್ಲ.

ಆ ಸೋಮವಾರ ಸಂಜೆ ಮನೆಯಲ್ಲಿ ಎಲ್ಲ ಹೇಳಿದೆ. ಯಜಮಾನರು ಎದ್ದು ಹೋಗಿ ಕುಕ್ಕರ್ ಇಟ್ಟರು. ಅನ್ನ, ಹೆಸರುಬೇಳೆ ಸಾರು, ಸುಟ್ಟ ಹಪ್ಪಳ ಉಂಡೆವು. ಅತ್ತೆ ಮೊದಲು ಮಲಗಿದರು, ಆಮೇಲೆ ಯಜಮಾನರು. ನಾನು ಹೆಂಚಿನ ಎಸ್ಟಿಮೇಟ್ ಬರೆದು ಮುಗಿಸಿ ಮಲಗಿದೆ.