ತಣ್ಣಗಾಗದ ಗಾಡಿಯಲ್ಲಿ ಮೊಮ್ಮಗಳು

ಅಜ್ಜಿಯಾಗಿ ನನಗಿನ್ನೂ ತಿಂಗಳು ತುಂಬಿರಲಿಲ್ಲ. ಎದುರು ಬಂದವರಿಗೆಲ್ಲ ಕೂಸಿನ ಕಿವಿ ಹೀಗಿದೆ, ಬೆರಳು ಹೀಗಿದೆ ಎಂದು ಹೇಳುತ್ತ ನಿಂತುಬಿಡುತ್ತಿದ್ದೆ. ದ್ರಾಕ್ಷಿಗೆ ಔಷಧ ಮಾರಲು ಬಂದವನನ್ನೂ ಬಿಟ್ಟಿರಲಿಲ್ಲ. ಬಹಳ ವರ್ಷ ಕಾಯಿಸಿ ಬಂದ ಕೂಸು, ನನ್ನ ಮಗಳ ಮಗಳು. ವಿಜಯಪುರದ ದವಾಖಾನೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿ ಅಂಗೈಯಷ್ಟೇ ಇತ್ತು. ಹೆಚ್ಚು ಸೆಕೆ ತಾಗಬಾರದು ಎಂದು ಡಾಕ್ಟರು ಹೇಳಿದ್ದರು. ಅದಕ್ಕೇ ಮೊದಲ ಕೆಲವು ದಿನ ದವಾಖಾನೆಗೆ ಹತ್ತಿರವೆಂದು ಅಥಣಿ ರಸ್ತೆಯ ಬೀಗರ ಮನೆಯಲ್ಲಿ ಇಟ್ಟುಕೊಂಡಿದ್ದರು. ಆದರೆ ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕಲ್ಲ. ಕರೆತರಲು ನಾನೂ ಯಜಮಾನರೂ ನಮ್ಮ ಕಾರು ತೆಗೆದುಕೊಂಡು ಹೋದೆವು.

ಅಮಾವಾಸ್ಯೆ ಸರಿಯುವುದು ಮಧ್ಯಾಹ್ನಕ್ಕೆ. ಮರುದಿನ ಮಂಗಳವಾರ, ಹೆಣ್ಣುಮಗಳನ್ನು ಕಳಿಸುವ ದಿನವಲ್ಲ. ಹೀಗಾಗಿ ಸುಡುಬಿಸಿಲಲ್ಲೇ ಹೊರಡಬೇಕಾಗಿ ಬಂತು. ಬಿಸಿಲಿದ್ದರೇನು, ಗಾಡಿಯಲ್ಲಿ ಏಸಿ ಇದೆಯಲ್ಲ ಎಂದುಕೊಂಡಿದ್ದೆ.

ಮಗಳ ಅತ್ತೆ, ಅಂದರೆ ನನ್ನ ಬೀಗತಿ, ಕೂಸನ್ನು ಎತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕುಳಿತರು. ಗಾಳಿ ಬರುವ ಕಿಂಡಿಗೆ ಅಂಗೈ ಒಡ್ಡಿದರು. ಒಲೆಯ ಬಾಯಿಂದ ಬಂದಂಥ ಗಾಳಿ. ಮುಂಜಾನೆ ಬರುವಾಗ ತಂಪಿತ್ತು, ಗಾಡಿ ಓಡಿದರೆ ಸರಿಹೋಗುತ್ತದೆ ಎಂದು ಯಜಮಾನರು ಆಕ್ಸಿಲರೇಟರ್ ಒತ್ತಿದರು. ಸದ್ದು ಏರಿತು, ತಂಪು ಬರಲಿಲ್ಲ. ಬೀಗತಿ ಕೂಸಿನೊಂದಿಗೆ ಕೆಳಗಿಳಿದೇ ಬಿಟ್ಟರು.

"ಈ ಗಾಡ್ಯಾಗ ಕೂಸು ಬರೂದಿಲ್ರಿ. ಇಲ್ಲೇ ಇರ್ಲಿ. ಬಾಣಂತನ ನಾನ ಮಾಡ್ತೇನಿ."

ಇಂದು ಹೋಗಲಿಲ್ಲವೆಂದರೆ ನಾಳೆ ಅಲ್ಲ, ನಾಡಿದ್ದೂ ಅಲ್ಲ, ಬಾಣಂತನವೇ ಇಲ್ಲಿ ಮುಗಿಯುತ್ತದೆ ಎಂಬುದು ಆ ದನಿಯಲ್ಲೇ ಇತ್ತು. ಮಗಳು ಕಿವಿಗೆ ಬಟ್ಟೆ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದವಳು, ಚಪ್ಪಲಿ ಬಿಟ್ಟು ಒಳಗೆ ಹೋದಳು.

ಯಜಮಾನರು ಬಾನೆಟ್ ಎತ್ತಿದರು. ಬೆಲ್ಟು ತಿರುಗುತ್ತಿತ್ತು, ಫ್ಯಾನೂ ತಿರುಗುತ್ತಿತ್ತು. ಗ್ಯಾಸ್ ಮುಗಿದಿರಬೇಕು ಎಂದರು. ಜೋರಾಪುರ ಪೇಟೆಯ ಮೆಕ್ಯಾನಿಕ್ಕಿಗೆ ಫೋನು ಹಚ್ಚಿದರೆ ಅವನು ಊರಲ್ಲೇ ಇಲ್ಲ, ಬಬಲೇಶ್ವರಕ್ಕೆ ಮದುವೆಗೆ ಹೋಗಿದ್ದಾನೆ. ಅಲ್ಲಿಗೆ ನನ್ನ ಆಸೆ ಮುಗಿಯಿತು.

ಆಗ ಬೀಗತಿ ಕೂಸನ್ನು ನನ್ನ ಕೈಗೆ ಕೊಟ್ಟು ಗಾಡಿಯ ಮುಂದೆ ಬಂದರು. ಅವರದು ಒಣದ್ರಾಕ್ಷಿ ವ್ಯಾಪಾರ. ಮಾಲು ಕೆಡದಂತೆ ಇಡುವ ತಂಪುಕೋಣೆಯ ಉಸ್ತುವಾರಿ ಅವರದೇ. ಖುಲ್ಲಾ ದಾರಿಯಲ್ಲಿ ಗಾಡಿ ಓಡುವಾಗ ತಂಪು, ನಿಂತಾಗ ಬಿಸಿ, ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಎಂದರು ಯಜಮಾನರು. ಬೀಗತಿ ಸೆರಗಿನ ತುದಿ ಬಿಚ್ಚಿ ಗಾಡಿಯ ಮುಂದಿನ ಜಾಲರಿಯ ಎದುರು ಹಿಡಿದರು. ಒಳಗಿನ ಫ್ಯಾನು ಗಾಳಿ ಎಳೆಯುತ್ತಿದ್ದರೆ ಸೆರಗು ಜಾಲರಿಗೆ ಅಂಟಬೇಕಂತೆ. ಅದು ಅಲುಗಲೇ ಇಲ್ಲ.

"ಗ್ಯಾಸಿನ ತಪ್ಪಲ್ಲ. ಇದರ ಮೂಗ ಕಟ್ಟೇತಿ," ಎಂದರು.

ಎಂಜಿನ್ ಬಂದ್ ಮಾಡಿಸಿ, ಬಾನೆಟ್ಟಿನೊಳಗಿಂದ ಕೈ ಇಳಿಸಿ, ತಂತಿ ಬಿಚ್ಚಿ ಏನನ್ನೋ ಎಳೆದರು. ಹೊರಗೆ ಬಂದದ್ದನ್ನು ನೋಡಿ ನಾನು ಕೂಸನ್ನು ಇನ್ನಷ್ಟು ಗಟ್ಟಿ ಹಿಡಿದುಕೊಂಡೆ. ನಮ್ಮದೇ ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ಬಲೆಯ ಪರದೆ! ನಾಲ್ಕು ಮಡಿಕೆ. ಮಡಿಕೆಯ ನಡುವೆ ಜೋಳದ ಹೊಟ್ಟು, ದ್ರಾಕ್ಷಿಯ ತೊಟ್ಟು, ಸತ್ತ ಪಾತರಗಿತ್ತಿ, ಮಣ್ಣು, ಎಲ್ಲ ಸೇರಿ ರೊಟ್ಟಿಯಂತೆ ಗಟ್ಟಿಯಾಗಿತ್ತು.

ಕಟ್ಟಿದವರು ನನ್ನ ಯಜಮಾನರೇ. ಜೋಳದ ರಾಶಿಯ ಕಾಲದಲ್ಲಿ ಹೊಟ್ಟು ಒಳಗೆ ಹೋಗದಿರಲೆಂದು ಟ್ರ್ಯಾಕ್ಟರಿನ ರೇಡಿಯೇಟರ್ ಮುಂದೆ ಪರದೆ ಕಟ್ಟಿ, ದಿನಾ ಸಂಜೆ ಝಾಡಿಸುತ್ತೇವೆ. ಕಾರು ಟ್ರ್ಯಾಕ್ಟರಿಗಿಂತ ನಾಜೂಕು ಎಂದು ಇವರು ನಾಲ್ಕು ಮಡಿಕೆ ಮಾಡಿದ್ದಾರೆ. ಹೊರಗೆ ಕಂಡರೆ ಚಂದವಲ್ಲ ಎಂದು ಒಳಗೆ ಕಟ್ಟಿದ್ದಾರೆ. ಕಾಣದ್ದನ್ನು ಝಾಡಿಸುವ ನೆನಪು ಯಾರಿಗೆ ಬರುತ್ತದೆ?

"ಟ್ರ್ಯಾಕ್ಟರ್ ಎಂದೂ ತಕರಾರು ಮಾಡಿಲ್ಲಲ್ಲ," ಎಂದರು ಯಜಮಾನರು ಮೆಲ್ಲಗೆ.

"ಟ್ರ್ಯಾಕ್ಟರಿಗೆ ಏಸಿ ಎಲ್ಲೈತ್ರಿ ಬೀಗರ?"

ಒಳಗಿನಿಂದ ಮಗಳು ನಕ್ಕಿದ್ದು ಕೇಳಿಸಿತು. ಒಳಗಿನ ಬಿಸಿಯನ್ನು ಜಾಲರಿಯ ಹಿಂದಿರುವ ಈ ತೆಳು ತಗಡಿನ ಜಾಳಿಗೆಯೇ ಹೊರಗೆ ಚೆಲ್ಲಬೇಕು, ಚೆಲ್ಲದಿದ್ದರೆ ತಂಪು ಎಲ್ಲಿಂದ ಬರಬೇಕು ಎಂದು ಬೀಗತಿ ತಿಳಿಸಿ ಹೇಳಿದರು. ಯಜಮಾನರು ಪೈಪಿನ ನೀರನ್ನು ಅದಕ್ಕೆ ಜೋರಾಗಿ ಬಿಡಹೋದರು. ತೆಳು ತಗಡು ಮಡಚಿಕೊಳ್ಳುತ್ತದೆ ಎಂದು ಬೀಗತಿ ಕೈ ತಡೆದು, ಕೂಸಿನ ತಲೆಗೆ ನೀರು ಹಾಕುವಷ್ಟು ಮೆತ್ತಗೆ ತಾವೇ ಹಾಕಿದರು. ಚಹಾದ ಬಣ್ಣದ ನೀರು ಅಂಗಳದ ತುಂಬ ಹರಿಯಿತು. ಮತ್ತೆ ಎಂಜಿನ್ ಹಚ್ಚಿಸಿ ಸೆರಗು ಹಿಡಿದರೆ ಪಟ್ಟನೆ ಹೋಗಿ ಅಂಟಿತು. ಸ್ವಲ್ಪ ಹೊತ್ತಿಗೆ ಗಾಡಿಯೊಳಗೆ ಕಿಂಡಿಗೆ ಒಡ್ಡಿದ ನನ್ನ ಕೈಬಳೆಗಳು ತಣ್ಣಗಾದವು.

ಆಗ ನನಗೆ ಹೊಳೆಯಿತು. ಬೀಗತಿ ಸುಮ್ಮನೆ ನಿಂತಿದ್ದರೆ ಸಾಕಿತ್ತಲ್ಲ! ನಾನು ಬೆರಗಾಗಿ ಅವರ ಮುಖವನ್ನೇ ನೋಡಿದೆ. ಕೇಳದಿರಲು ಆಗಲಿಲ್ಲ.

"ಏನೂ ಅನ್ನದ ಬಿಟ್ಟಿದ್ರ ಕೂಸು ನಿಮ್ಮ ಮನಿಯಾಗ ಉಳಿತಿತ್ತಲ್ರಿ?"

ಅವರು ಒದ್ದೆ ಸೆರಗು ಹಿಂಡುತ್ತ, ನನ್ನ ಕಡೆ ನೋಡದೆ ಹೇಳಿದರು. "ಉಳಿತಿತ್ರಿ. ಕೆಟ್ಟಿದ್ದು ಕಣ್ಣಿಗೆ ಬಿದ್ದಮ್ಯಾಲ ಸುಮ್ಮನ ಕುಂದ್ರಾಕ ನನಗ ಬರೂದಿಲ್ಲ."

ಆಮೇಲೆ ಒಳಗೆ ಹೋಗಿ, ತಾವು ಹೊಲಿದ ಸಣ್ಣ ಕೌದಿ ತಂದು ಸೀಟಿನ ಮೇಲೆ ಹಾಸಿ, ಕೂಸನ್ನು ಮಲಗಿಸಿ, ಮಗಳು ಹತ್ತಿದ ಮೇಲೆ ಬಾಗಿಲು ತಾವೇ ಹಾಕಿದರು.

ದಾರಿಯಲ್ಲಿ ಟಿಕೋಟಾ ಬರುವ ಹೊತ್ತಿಗೆ ನನ್ನ ಫೋನು ರಿಂಗಾಯಿತು. ಬೀಗತಿ. ತಂಪಿದೆಯೇ ಎಂದು ಕೇಳಿದರು. ಕೂಸು ಬಾಯಿ ತೆರೆದು ನಿದ್ದೆ ಹೊಡೆಯುತ್ತಿತ್ತು, ಮಗಳೂ ಅದರ ಪಕ್ಕ ಒರಗಿದ್ದಳು. ಫೋನನ್ನು ಗಾಳಿಯ ಕಿಂಡಿಗೆ ಹಿಡಿದೆ. ಆ ಕಡೆ ಅವರು ಬಹಳ ಹೊತ್ತು ಕೇಳಿದರು.

"ಆತು," ಎಂದರು ಕೊನೆಗೆ. "ಈಗ ಕೂಸಿನ ಕಾಲ ಮುಚ್ಚರಿ."